ಮಂಡಿ ಇಲ್ಲಿಗೆ ಬಂತು, ತಲೆ ಅಲ್ಲಿಗೆ ಹೋಯಿತು

ಪರಊರಿಗೋ ಪರದೇಶಕ್ಕೋ ಹೋಗಿ ಕೊಯ್ಯಿಸಿಕೊಂಡು ಬರುವವರ ಬಗ್ಗೆ ಬರೆಯುವ ಮೊದಲು ಒಂದು ಹಳೆಯ ಮೂಗಿನ ಕಥೆ. ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಕಾವಸ್‌ಜಿ ಎಂಬ ಹೆಸರು ಶಾಶ್ವತವಾಗಿ ಉಳಿದಿದೆ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಮರಾಠ ಒಕ್ಕಲಿಗ ಅವನು. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿ, ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬನಿಂದ ಹೊಸ ಮೂಗು ಮಾಡಿಸಿಕೊಂಡ. ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝಿನ್ 1794ರ ಅಕ್ಟೋಬರ್‌ನಲ್ಲಿ ಈ ಕಥೆಯನ್ನು ಚಿತ್ರ ಸಮೇತ ಅಚ್ಚು ಹಾಕಿತು. ಅದನ್ನು ಓದಿ ಬೆರಗಾದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ರೀತಿ ಮೂಗು ಕಟ್ಟಿದ.

ವಿಧಾನ ಸರಳವಾಗಿ ಕಾಣುತ್ತದೆ. ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಬಿಡಿಸಿ ಹಣೆಯ ಮೇಲಿಟ್ಟು, ಸುತ್ತ ಗೆರೆ ಎಳೆಯುವುದು. ಆ ಅಳತೆಯ ಚರ್ಮವನ್ನು ಹಣೆಯಿಂದ ಎಬ್ಬಿಸಿ, ಹುಬ್ಬುಗಳ ನಡುವೆ ಚಿಕ್ಕದೊಂದು ಪಟ್ಟಿ ಮಾತ್ರ ಅಂಟಿಕೊಂಡಿರುವಂತೆ ಬಿಟ್ಟು, ಕೆಳಕ್ಕೆ ತಿರುಗಿಸಿ ಕೂರಿಸುವುದು. ಅಂಟಿಗೆ ನಾವು ವೀಳ್ಯಕ್ಕೆ ಹಾಕುವ ಕಾಚು. ನನ್ನ ಗಮನ ಸೆಳೆದದ್ದು ಆಮೇಲಿನ ವಿವರ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಕೊಳ್ಳದಂತೆ ಮೆತ್ತನೆಯ ಬಟ್ಟೆಯ ತುಣುಕು ತುರುಕಬೇಕು. ಹುಬ್ಬಿನ ನಡುವಿನ ಪಟ್ಟಿಯನ್ನು ಕತ್ತರಿಸುವುದು ಸುಮಾರು ಇಪ್ಪತ್ತೈದನೆಯ ದಿನ. ಅಷ್ಟು ದಿನವೂ ಮೂಗು ಕಟ್ಟಿದವನು ಹತ್ತಿರದಲ್ಲೇ ಇರಬೇಕು.

ನಾನು ಹುಟ್ಟಿದ್ದು ಧಾರವಾಡದಲ್ಲಿ, ಸಂಸಾರ ಹೂಡಿದ್ದು ಪುಣೆಯ ಕೋಥರೂಡಿನಲ್ಲಿ. ನಮ್ಮ ಕಡೆಯ ಹಿರಿಯರಿಗೆ ದೊಡ್ಡ ಆಪರೇಷನ್ ಎಂದರೆ ಮಿರಜ್. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಷನ್ ವೈದ್ಯರು ಅಲ್ಲಿ ಆಸ್ಪತ್ರೆ ತೆರೆದ ಮೇಲೆ ಬೆಳಗಾವಿ, ವಿಜಯಪುರ, ಧಾರವಾಡದ ಜನ ರೈಲು ಹತ್ತಿ ಮಿರಜಿಗೆ ಹೋಗುವುದು ರೂಢಿಯಾಯಿತು. ಮೂತ್ರಕೋಶದ ಕಲ್ಲು ತೆಗೆಸಲು ಹೋದ ಅಜ್ಜನ ಜೊತೆ ಇಬ್ಬರು ಸೊಸೆಯಂದಿರು, ಸ್ಟೋವ್, ಅಕ್ಕಿ ಬೇಳೆಯ ಗಂಟು ಹೋಗಿದ್ದನ್ನು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಹೊಲಿಗೆ ಬಿಚ್ಚುವ ತನಕ ಅಲ್ಲೇ ಅಡುಗೆ, ಅಲ್ಲೇ ವಾಸ. ಮೆಡಿಕಲ್ ಟೂರಿಸಂ ಎಂಬ ಮಾತು ಹುಟ್ಟುವ ಮೊದಲೇ ಪರಸ್ಥಳಕ್ಕೆ ಹೋಗಿ ಕೊಯ್ಯಿಸಿಕೊಂಡು ಬಂದ ಜನ ನಾವು. ಹೋಗುವಾಗ ಅರ್ಧ ಮನೆಯನ್ನೇ ಕಟ್ಟಿಕೊಂಡು ಹೋಗುತ್ತಿದ್ದೆವು.

ಈಗ ವಿಷಯಕ್ಕೆ ಬರುತ್ತೇನೆ. ಸುಮಾರು ಒಂದೇ ಕಾಲಕ್ಕೆ ನನ್ನ ಮುಂದೆ ಎರಡು ಪ್ರಶ್ನೆಗಳು ಬಂದವು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ನನ್ನ ಅಕ್ಕ, ಮಂಡಿ ಬದಲಾಯಿಸಿಕೊಳ್ಳಲು ಪುಣೆಗೆ ಬರಲೇ ಎಂದು ಕೇಳಿದಳು. ನಮ್ಮ ಮನೆಯವರ ಅಣ್ಣನ ಮಗ, ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವವನು, ಕೂದಲ ಕಸಿಗೆ ಇಸ್ತಾಂಬುಲ್‌ಗೆ ಹೋಗುತ್ತೇನೆ ಎಂದ. ಅವನದು ಕೇಳುವ ಧಾಟಿ ಆಗಿರಲಿಲ್ಲ. "ಕಾಕು, ಅಪ್ಪನಿಗೆ ನೀವೇ ಹೇಳಿಬಿಡಿ" ಎಂಬ ಧಾಟಿ. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ.

ಎರಡೂ ಜೀವ ಉಳಿಸುವ ತುರ್ತಿನ ಕೊಯ್ತಗಳಲ್ಲ. ದಿನವನ್ನು ನಾವೇ ಗೊತ್ತು ಮಾಡಿಕೊಳ್ಳುವಂಥವು. ಬೇಕಾದರೆ ಮುಂದಕ್ಕೆ ಹಾಕಬಹುದು, ಬೇಡವೆಂದರೆ ಬಿಟ್ಟೂ ಬಿಡಬಹುದು. ಅಕ್ಕನಿಗೆ ಬಾ ಎಂದೆ, ಹುಡುಗನಿಗೆ ಬೇಡ ಎಂದೆ. ಇಬ್ಬರಿಗೂ ಒಂದೇ ಕಾರಣ ಕೊಟ್ಟೆ: ಕೊಯ್ದ ಮೇಲಿನ ದಿನಗಳಲ್ಲಿ ಕೊಯ್ದವರೂ ಕೈ ಹಿಡಿಯುವವರೂ ಹತ್ತಿರದಲ್ಲಿರಬೇಕು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅಕ್ಕನ ಕಡೆಯ ಲೆಕ್ಕ ನೋಡಿ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಮಂಡಿ ಬದಲಿಗೆ ಒಂದು ಪೆನ್ನಿಯನ್ನೂ ಕೊಡಬೇಕಿಲ್ಲ. ವೈದ್ಯರು ಬರೆದುಕೊಟ್ಟ 18 ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕು ಎಂಬ ನಿಯಮವೂ ಇದೆ. ಆದರೆ 2023ರಲ್ಲಿ ಅಲ್ಲಿನ ಕಾಯುವ ಪಟ್ಟಿ 70 ಲಕ್ಷವನ್ನು ದಾಟಿತ್ತು, ಮೂಳೆಯ ವಿಭಾಗದ ಸಾಲು ಅದರಲ್ಲಿ ಬಹಳ ಉದ್ದದ್ದು. ಕಾಯುವ ಅವಧಿ ಕಡಿಮೆ ಇರುವ ಬೇರೆ ಆಸ್ಪತ್ರೆಯನ್ನು ಆರಿಸಿಕೊಳ್ಳುವ ಹಕ್ಕು ರೋಗಿಗಿದೆ, ಸರ್ಕಾರದ ಖರ್ಚಿನಲ್ಲೇ ಕೆಲವು ಖಾಸಗಿ ಆಸ್ಪತ್ರೆಗಳಿಗೂ ಹೋಗಬಹುದು. ಅನೇಕರಿಗೆ ಇದು ಗೊತ್ತೇ ಇರುವುದಿಲ್ಲ. ನಾನು ಮೊದಲು ಹೇಳಿದ್ದು ಅದನ್ನೇ: ಆ ಬಾಗಿಲು ತಟ್ಟಿ ನೋಡು, ಆಮೇಲೆ ವಿಮಾನದ ಮಾತು. ತಟ್ಟಿದಳು. ಸಿಕ್ಕಿದ್ದು ದೂರದ ಊರು. ಅಕ್ಕನ ಗಂಡನಿಗೆ ಹೃದಯದ ತೊಂದರೆ, ಭಾರ ಎತ್ತುವಂತಿಲ್ಲ. ಮಕ್ಕಳು ಲಂಡನ್ನಿನಲ್ಲಿ. ಕೀಲು ಬದಲಿಯಾದ ಮೇಲೆ ಅಲ್ಲಿನ ಆಸ್ಪತ್ರೆಗಳು ರೋಗಿಯನ್ನು ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತವೆ. ಸ್ನಾನಕ್ಕೆ, ಪಾಯಖಾನೆಗೆ, ಮೆಟ್ಟಿಲಿಗೆ ಕೈ ಕೊಡುವವರು ಯಾರು? ಕೊಯ್ಯುವವರಿಗೆ ಲೀಡ್ಸ್‌ನಲ್ಲಿ ಬರವಿಲ್ಲ. ಅವಳಿಗೆ ಬೇಕಾಗಿದ್ದದ್ದು ತಂಗಿಯ ಮನೆ.

ದುಡ್ಡೂ ಒಂದು ಮಾತೇ, ಇಲ್ಲವೆನ್ನುವುದಿಲ್ಲ. ಖಾಸಗಿಯಾಗಿ ಮಾಡಿಸಿದರೆ ಅಲ್ಲಿ ಒಂದು ಮಂಡಿಗೆ ಹತ್ತು ಸಾವಿರ ಪೌಂಡ್ ಮೀರುತ್ತದೆ. ಪುಣೆಯ ಒಳ್ಳೆಯ ಆಸ್ಪತ್ರೆಗಳಲ್ಲಿ ಎರಡರಿಂದ ನಾಲ್ಕು ಲಕ್ಷ ರೂಪಾಯಿ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಗೆ ಮಿತಿ ಹಾಕಿತು. ಅದುವರೆಗೆ ಸರಾಸರಿ ಒಂದೂವರೆ ಲಕ್ಷಕ್ಕೆ ಮಾರುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿ 54,720 ರೂಪಾಯಿಗೆ ಇಳಿಯಿತು, ತೆರಿಗೆ ಬೇರೆ. ಪುಣೆಗೆ ಈ ವಿಷಯದಲ್ಲಿ ತನ್ನದೇ ಹೆಮ್ಮೆ ಇದೆ. ಇಲ್ಲಿನ ಮೂಳೆತಜ್ಞ ಡಾ. ಕೆ.ಎಚ್. ಸಂಚೇತಿ ನಮ್ಮವರ ಮಂಡಿಯ ಅಳತೆಗೆ ಹೊಂದುವ, ಕಡಿಮೆ ಬೆಲೆಯ 'ಇಂಡಸ್' ಎಂಬ ಕೃತಕ ಮಂಡಿಯನ್ನು ರೂಪಿಸಿದರು. ನೆಲದ ಮೇಲೆ ಕೂತು ಉಣ್ಣುವ ಜನಕ್ಕೆ ಮಂಡಿ ಎಷ್ಟು ಮಡಚುತ್ತದೆ ಎಂಬುದು ದೊಡ್ಡ ಪ್ರಶ್ನೆ. ಲೀಡ್ಸ್‌ನಲ್ಲಿ ಕುರ್ಚಿಯ ಮೇಲೆ ಕೂರುವ ಅಕ್ಕನಿಗೂ ಅದೇ ಚಿಂತೆ: ಸತ್ಯನಾರಾಯಣ ಪೂಜೆಗೆ ಮಣೆಯ ಮೇಲೆ ಕೂರಲು ಆಗುತ್ತದೆಯೇ? ಆಗಲಿಕ್ಕಿಲ್ಲ ಎಂದು ಇಲ್ಲಿನ ಸರ್ಜನ್ ನಗುತ್ತಲೇ ಹೇಳಿದರು.

ಅಗ್ಗ ಎನ್ನುವ ಮಾತಿನ ಹಿಂದೆ ಏನಿದೆ ಎಂಬುದನ್ನೂ ನೋಡಬೇಕು. ನಮ್ಮಲ್ಲಿ ಚಿಕಿತ್ಸೆ ಅಗ್ಗವಾಗಲು ಉಪಕರಣದ ಬೆಲೆ ಒಂದು ಕಾರಣ ಅಷ್ಟೆ. ವಾರ್ಡಿನಲ್ಲಿ ರೋಗಿಯನ್ನು ಎತ್ತಿ ಕೂರಿಸುವ ಮಾವಶಿ, ಹನ್ನೆರಡು ಗಂಟೆಯ ಪಾಳಿಗೆ ಮನೆಗೆ ಬರುವ ಆಯಾ, ಇವರ ಸಂಬಳ ಕಡಿಮೆ ಇರುವುದು ಇನ್ನೊಂದು ಕಾರಣ. ಪೌಂಡಿನ ಲೆಕ್ಕದಲ್ಲಿ ಖುಷಿಪಡುವವರು ಇದನ್ನು ಒಂದು ಕ್ಷಣ ನೆನೆದರೆ ಒಳ್ಳೆಯದು. ಅಕ್ಕ ಆಯಾಗೆ ಊರಿನ ದರಕ್ಕಿಂತ ಹೆಚ್ಚು ಕೊಟ್ಟಳು. ನಮ್ಮ ಸೊಸೈಟಿಯ ಹೆಂಗಸರು ದರ ಕೆಡಿಸಿದಿರಿ ಎಂದು ನನ್ನನ್ನು ಇನ್ನೂ ಬೈಯುತ್ತಾರೆ.

ಕರೆನ್ಸಿ ಬಿದ್ದ ಕಡೆಗೆ ರೋಗಿಗಳು ಹರಿಯುವುದು ಹೊಸದಲ್ಲ. 1997ರಲ್ಲಿ ಥಾಯ್ಲೆಂಡಿನ ಬಾತ್ ಕುಸಿದು ಸ್ಥಳೀಯ ರೋಗಿಗಳ ಕೈ ಬರಿದಾದಾಗ ಬ್ಯಾಂಕಾಕ್‌ನ ಬುಮ್ರುಂಗ್ರಾದ್ ಆಸ್ಪತ್ರೆ ವಿದೇಶಿಯರತ್ತ ತಿರುಗಿತು. 2002ರಲ್ಲಿ ಆಸ್ಪತ್ರೆಗಳ ಗುಣಮಟ್ಟ ನೋಡುವ ಅಮೆರಿಕ ಮೂಲದ ಜೆಸಿಐ ಸಂಸ್ಥೆಯ ಮಾನ್ಯತೆಯನ್ನು ಏಷ್ಯಾದಲ್ಲಿ ಮೊದಲು ಪಡೆದದ್ದೂ ಅದೇ. ಟರ್ಕಿಯ ಲಿರಾ ಇಳಿಯುತ್ತ ಹೋದಂತೆ ಇಸ್ತಾಂಬುಲ್ ಕೂದಲಿನ ರಾಜಧಾನಿಯಾಯಿತು.

ನಮ್ಮ ಹುಡುಗನ ಲೆಕ್ಕ ಮಾತ್ರ ನನಗೆ ಒಗಟಾಗಿತ್ತು. ಯುರೋಪಿನವರು ಇಸ್ತಾಂಬುಲ್‌ಗೆ ಹೋಗುವುದು ಅಗ್ಗವೆಂದು. ಪುಣೆಯವನಿಗೆ ಅದು ದುಬಾರಿ. ಕರ್ವೆ ರಸ್ತೆಯಲ್ಲೇ ಕೂದಲ ಕಸಿಯ ಫಲಕಗಳು ಸಾಲಾಗಿ ಹೊಳೆಯುತ್ತವೆ, ವಿಮಾನದ ಟಿಕೆಟ್ಟಿನ ಸೇರ್ಪಡೆಯಿಲ್ಲದೆ ಕೆಲಸ ಮುಗಿಯುತ್ತದೆ. ಕೇಳಿದಾಗ ನಿಜವಾದ ಕಾರಣ ಹೊರಬಂತು. ಇಲ್ಲಿ ಮಾಡಿಸಿಕೊಂಡರೆ ಕೆಂಪಾದ ತಲೆ ಹೊತ್ತು ಅದೇ ಲಿಫ್ಟಿನಲ್ಲಿ ಓಡಾಡಬೇಕು, ಅದೇ ಅಮ್ಮನ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅಲ್ಲಿಯಾದರೆ ಟೋಪಿ ಹಾಕಿಕೊಂಡ ಅನೇಕರಲ್ಲಿ ತಾನೂ ಒಬ್ಬ. ವಾಪಸಾಗುವಾಗ ಪ್ರವಾಸದ ಫೋಟೋಗಳೂ ಇರುತ್ತವೆ. ಮೂವತ್ತು ದಾಟಿದ, ಹೆಣ್ಣು ನೋಡುವ ಮಾತು ನಡೆಯುತ್ತಿರುವ ಹುಡುಗನಿಗೆ ಈ ಮರೆ ಎಷ್ಟು ಬೆಲೆಯದು ಎಂಬುದು ನನಗೆ ಅರ್ಥವಾಗುತ್ತದೆ. ಹೊರದೇಶದ ಚಿಕಿತ್ಸೆಯ ಲಾಭಗಳನ್ನು ಬರೆಯುವವರು ಬೆಲೆ, ಕಾಯುವಿಕೆ, ಪರಿಣತಿ ಎಂದು ಪಟ್ಟಿ ಮಾಡುತ್ತಾರೆ. ನೆಂಟರ ಕಣ್ಣಿನಿಂದ ದೂರ ಎಂಬುದನ್ನು ಯಾರೂ ಬರೆಯುವುದಿಲ್ಲ. ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಹೊರಡುವ ಅರ್ಧ ಜನ ಅದಕ್ಕೇ ಹೊರಡುತ್ತಾರೆ ಎಂದು ನನ್ನ ಗುಮಾನಿ.

ನನ್ನ ತಕರಾರು ಬೇರೆ. ಕೂದಲ ಕಸಿಯಲ್ಲಿ ತಲೆಯ ಹಿಂಭಾಗದಿಂದ ಒಂದೊಂದೇ ಬುಡವನ್ನು ಚರ್ಮ ಸಮೇತ ಕಿತ್ತು ಮುಂದೆ ನೆಡುತ್ತಾರೆ. ಕಿತ್ತ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಅದು ಬೀಜದ ಭತ್ತ ಇದ್ದಂತೆ, ಇದ್ದಷ್ಟೇ. ಆಸೆಬುರುಕನಾದವನು ಒಂದೇ ಸಲಕ್ಕೆ ಬಹಳ ಕಿತ್ತರೆ ಹಿಂದೆಯೂ ಬೋಳು, ಮುಂದೆ ಮತ್ತೆ ಬೇಕಾದಾಗ ದಾಸ್ತಾನೂ ಇಲ್ಲ. ನೆಟ್ಟ ಕೂದಲು ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ. ಮೂರು ನಾಲ್ಕು ತಿಂಗಳಿಗೆ ಹೊಸದು ಹುಟ್ಟಲು ತೊಡಗುತ್ತದೆ. ಕೆಲಸ ಚೆನ್ನಾಗಿ ಆಗಿದೆಯೋ ಇಲ್ಲವೋ ಎಂದು ಹೇಳಲು ಒಂದು ವರ್ಷವೇ ಬೇಕು. ಇಸ್ತಾಂಬುಲ್‌ನ ಪ್ಯಾಕೇಜಿನಲ್ಲಿ ಏನಿರುತ್ತದೆ? ಮೂರು ರಾತ್ರಿಯ ಹೋಟೆಲ್, ವಿಮಾನ ನಿಲ್ದಾಣಕ್ಕೆ ಕಾರು, ಒಬ್ಬ ದುಭಾಷಿ, ಒಂದು ಶಾಂಪೂ ಬಾಟಲಿ. ಒಂದು ವರ್ಷದಲ್ಲಿ ಗೊತ್ತಾಗುವ ಕೆಲಸಕ್ಕೆ ಮೂರು ರಾತ್ರಿಯ ಹೊಣೆ.

ಕತ್ತರಿ ಹಿಡಿಯುವವರು ಯಾರು ಎಂಬುದೂ ಪ್ರಶ್ನೆಯೇ. ಅಲ್ಲಿನ ಅನೇಕ ಕಡೆ ವೈದ್ಯರು ಗೆರೆ ಎಳೆದು ಹೋಗುತ್ತಾರೆ, ಉಳಿದದ್ದು ತಂತ್ರಜ್ಞರ ಕೈಯಲ್ಲಿ. ಹಾಗೆಂದು ನಾವು ಹೆಮ್ಮೆಪಡುವಂತಿಲ್ಲ. ಯೂಟ್ಯೂಬ್ ನೋಡಿಯೋ ಕಾರ್ಯಾಗಾರಕ್ಕೆ ಹೋಗಿಯೋ ಕೂದಲ ಕಸಿ ಮಾಡುವ ಯೋಗ್ಯತೆ ಬರುವುದಿಲ್ಲ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು. 2019ರಲ್ಲಿ ಮುಂಬೈಯಲ್ಲಿ ಉದ್ಯಮಿಯೊಬ್ಬರು ಕೂದಲ ಕಸಿಯ ಬೆನ್ನಿಗೇ ತೀರಿಕೊಂಡರು. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್, ಇನ್ನೂ 21ರ ಹುಡುಗಿ, ಕೊಬ್ಬು ತೆಗೆಸಿಕೊಳ್ಳಲು ಹೋಗಿ ಬೆಂಗಳೂರಿನಲ್ಲೇ ಸತ್ತಳು. ದೇಶ ಬದಲಾದ ಮಾತ್ರಕ್ಕೆ ಅಪಾಯ ಹುಟ್ಟುವುದಿಲ್ಲ. ಅಪಾಯ ಬಂದಾಗ ಯಾರ ಬಾಗಿಲಿಗೆ ಓಡಬೇಕು ಎಂಬುದು ಮಾತ್ರ ಬದಲಾಗುತ್ತದೆ.

ಅಮೆರಿಕದವರು ಗಡಿ ದಾಟಿ ಮೆಕ್ಸಿಕೋಗೆ ಹೋಗುವುದು ನಮ್ಮ ಮಿರಜಿನ ಹಾಗೆ ರೂಢಿಯಾಗಿದೆ. ಟೆಕ್ಸಾಸ್‌ನ ಎದುರಿಗಿರುವ ಮಾಟಮೊರೋಸ್ ಎಂಬ ಊರಿನ ಎರಡು ಕ್ಲಿನಿಕ್‌ಗಳಲ್ಲಿ 2023ರಲ್ಲಿ ಬೆನ್ನಿಗೆ ಅರಿವಳಿಕೆ ಕೊಟ್ಟು ಸೌಂದರ್ಯ ಚಿಕಿತ್ಸೆ ಮಾಡಿಸಿಕೊಂಡವರ ಮಿದುಳಿನ ಪೊರೆಗೆ ಶಿಲೀಂಧ್ರದ ಸೋಂಕು ತಗುಲಿತು. ಹಲವರು ಸತ್ತರು. ಭಯ ಹುಟ್ಟಿಸುವ ಸಂಗತಿ ಏನೆಂದರೆ, ರೋಗದ ಲಕ್ಷಣ ಕಾಣಿಸಿಕೊಂಡದ್ದು ಅವರು ಮನೆ ಸೇರಿದ ಮೇಲೆ, ಕೆಲವರಿಗೆ ವಾರಗಳ ನಂತರ. ತಲೆನೋವೆಂದು ಹೋದ ಊರಿನ ವೈದ್ಯರಿಗೆ ಆ ಪ್ರಯಾಣದ ಸಂಗತಿ ಗೊತ್ತಾಗದಿದ್ದರೆ ಹೊಳೆಯುವ ಕಾಯಿಲೆಯೇ ಅಲ್ಲ ಅದು. ಅದೇ ವರ್ಷ ಟರ್ಕಿಯಲ್ಲಿ ತೂಕ ಇಳಿಸಲು ಹೊಟ್ಟೆಯೊಳಗೆ ಬೊಟುಲಿನಮ್ (ಬೊಟಾಕ್ಸ್ ಚುಚ್ಚುಮದ್ದಿನಲ್ಲಿರುವ ವಿಷ) ಚುಚ್ಚಿಸಿಕೊಂಡ ಯುರೋಪಿನವರಲ್ಲಿ ವಿಷಬಾಧೆ ಕಾಣಿಸಿಕೊಂಡಿತು.

ನಮ್ಮ ಕಡೆಗೂ ಬೆರಳು ತೋರಿಸಿದ್ದಾರೆ. 2010ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು ಎನ್‌ಡಿಎಂ-1 ಎಂಬ, ಬಲವಾದ ಆ್ಯಂಟಿಬಯಾಟಿಕ್‌ಗಳಿಗೂ ಬ್ಯಾಕ್ಟೀರಿಯಾ ಬಗ್ಗದಂತೆ ಮಾಡುವ ಜೀನ್ ಕುರಿತು ಬರೆಯಿತು. ಅದು ಸಿಕ್ಕಿದ ಬ್ರಿಟಿಷ್ ರೋಗಿಗಳಲ್ಲಿ ಭಾರತ, ಪಾಕಿಸ್ತಾನಗಳಲ್ಲಿ ಚಿಕಿತ್ಸೆ ಪಡೆದವರಿದ್ದರು. ಹೆಸರಿನಲ್ಲೇ ನವದೆಹಲಿ ಇದ್ದದ್ದರಿಂದ ಸಂಸತ್ತಿನಲ್ಲೂ ಗದ್ದಲವಾಯಿತು. ಮೆಡಿಕಲ್ ಟೂರಿಸಂ ಹಾಳು ಮಾಡುವ ಸಂಚು ಎಂದೂ ಕೆಲವರು ಹೇಳಿದರು. ಹೆಸರಿಟ್ಟ ರೀತಿಯ ಬಗ್ಗೆ ನನಗೂ ಸಿಟ್ಟಿದೆ, ಆದರೆ ಸಿಟ್ಟಿನಿಂದ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಬ್ರಿಟನ್ನಿನ ಆಸ್ಪತ್ರೆಗಳು ಈಗಲೂ ಹೊಸ ರೋಗಿಯನ್ನು ಕೇಳುತ್ತವೆ: ಹೋದ ಹನ್ನೆರಡು ತಿಂಗಳಲ್ಲಿ ಹೊರದೇಶದ ಆಸ್ಪತ್ರೆಯಲ್ಲಿ ದಾಖಲಾಗಿದ್ದಿರಾ? ಹೌದೆಂದರೆ ಪ್ರತ್ಯೇಕವಾಗಿಟ್ಟು ಪರೀಕ್ಷೆ ಮಾಡುತ್ತವೆ. ಅಕ್ಕ ಬರುವ ಮೊದಲು ಅವಳ ಮಗ ಇದನ್ನೇ ಹಿಡಿದು ವಾದಿಸಿದ. ನಾನು ಅವನ ಜೊತೆ ಜಗಳವಾಡಲಿಲ್ಲ. ಆಸ್ಪತ್ರೆಯನ್ನು ಆರಿಸುವಾಗ ಕೀಲು ಬದಲಿಗೆ ಪ್ರತ್ಯೇಕ ಥಿಯೇಟರ್ ಇದೆಯೇ, ಸೋಂಕಿನ ಲೆಕ್ಕ ಇಡುತ್ತಾರೆಯೇ ಎಂದು ಅವನೇ ವೀಡಿಯೊ ಕರೆಯಲ್ಲಿ ಸರ್ಜನ್ನರನ್ನು ಕೇಳಲಿ ಎಂದೆ. ಕೇಳಿದ. ಉತ್ತರ ಕೊಡಲು ಹಿಂಜರಿದ ಒಂದು ಕಡೆಯನ್ನು ಅಲ್ಲೇ ಬಿಟ್ಟೆವು.

ಅಕ್ಕನಿಗೆ ನಾನು ಹಾಕಿದ ಷರತ್ತುಗಳು ಬಹುಪಾಲು ಸಮಯಕ್ಕೆ ಸಂಬಂಧಿಸಿದವು. ಬಂದಿಳಿದ ಮರುದಿನವೇ ಮೇಜಿನ ಮೇಲೆ ಮಲಗುವುದು ಬೇಡ. ದೀರ್ಘ ವಿಮಾನಯಾನದಲ್ಲಿ ಕಾಲು ಇಳಿಬಿಟ್ಟು ಕೂತಾಗ ರಕ್ತ ಹೆಪ್ಪುಗಟ್ಟುವ ಸಂಭವವಿರುತ್ತದೆ, ಮಂಡಿಯ ಕೊಯ್ತ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ರಕ್ತ ನಿಧಾನವಾಗುವುದು, ನಾಳಕ್ಕೆ ಪೆಟ್ಟಾಗುವುದು, ಹೆಪ್ಪುಗಟ್ಟುವ ಗುಣ ಹೆಚ್ಚಾಗುವುದು, ಈ ಮೂರೂ ಕೂಡಿದಾಗ ಕೇಡು ಎನ್ನುವುದು ಜರ್ಮನಿಯ ವೈದ್ಯ ವಿರ್ಚೋ ಅವರ ಹೆಸರಿನಲ್ಲಿ ವೈದ್ಯರು ಇಂದಿಗೂ ಕಲಿಯುವ ಪಾಠ. ಹೊಸ ಮಂಡಿಯೊಂದಿಗೆ ವಿಮಾನ ಹತ್ತಿದವನ ಕಾಲಿನಲ್ಲಿ ಮೂರೂ ಒಟ್ಟಿಗೆ ಇರುತ್ತವೆ. ಕಾಲಿನಲ್ಲಿ ಕಟ್ಟಿದ ರಕ್ತದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಆಕಾಶದಲ್ಲಿ ಮಾಡುವುದೇನೂ ಉಳಿದಿರುವುದಿಲ್ಲ. ಆದ್ದರಿಂದ ವಾಪಸಿನ ಟಿಕೆಟ್ಟನ್ನು ಆರು ವಾರಕ್ಕಿಂತ ಮುಂಚೆ ತೆಗೆಯಬೇಡ ಎಂದು ಸರ್ಜನ್ನರು ಹೇಳಿದ್ದನ್ನು ನಾನು ಇನ್ನೂ ಎರಡು ವಾರ ಹಿಗ್ಗಿಸಿದೆ. ಹಲ್ಲು ತೋರಿಸಿಕೊಂಡು ಬಾ ಎಂದೂ ಹೇಳಿದೆ. ಹುಳುಕು ಹಲ್ಲಿನ ಸೋಂಕು ರಕ್ತದಲ್ಲಿ ಹರಿದು ಕೃತಕ ಕೀಲಿನಲ್ಲಿ ಮನೆ ಮಾಡಬಹುದು. ಅವಳು ಸಕ್ಕರೆ ಕಾಯಿಲೆಯವಳು, ಮೂರು ತಿಂಗಳ ಸರಾಸರಿ ಹತೋಟಿಗೆ ಬಂದ ಮೇಲೆಯೇ ದಿನ ಗೊತ್ತು ಮಾಡಿದ್ದು.

ಬಂದಳು, ಮಂಡಿ ಬದಲಾಯಿತು. ಅದರ ಬಗ್ಗೆ ಬರೆಯಲು ಹೆಚ್ಚೇನಿಲ್ಲ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಹೊರಬಂದಳು. ಬರೆಯಬೇಕಾದ್ದು ಆಮೇಲಿನದು. ಫಿಸಿಯೋಥೆರಪಿಯ ಹುಡುಗಿ ಮನೆಗೇ ಬಂದು ಮಂಡಿ ಬಗ್ಗಿಸುತ್ತಿದ್ದಳು, ಅಕ್ಕ ಅವಳನ್ನು ಅಪ್ಪಟ ಧಾರವಾಡದ ಬೈಗುಳಗಳಿಂದ ಬೈಯುತ್ತಿದ್ದಳು. ಆ ಹುಡುಗಿ ಸೊಲ್ಲಾಪುರದವಳು, ಎಲ್ಲವೂ ಅರ್ಥವಾಗುತ್ತಿತ್ತು ಎಂದು ಕೊನೆಗೆ ಹೇಳಿ ಅಕ್ಕನ ಮುಖ ಕೆಂಪಾಗಿಸಿದಳು. ಹೊಲಿಗೆ ತೆಗೆದ ಕೆಲವು ದಿನಕ್ಕೆ ಗಾಯದ ಒಂದು ತುದಿ ಕೆಂಪಾಗಿ ಬಿಸಿಯಾಯಿತು. ರಾತ್ರಿ ಫೋನ್ ಮಾಡಿದೆ, ಬೆಳಿಗ್ಗೆ ರಿಕ್ಷಾದಲ್ಲಿ ಕರೆದೊಯ್ದೆ, ಕೊಯ್ದ ಕೈಯೇ ಅದನ್ನು ಒತ್ತಿ ನೋಡಿತು. ಮೇಲುಮೇಲಿನದು, ಡ್ರೆಸ್ಸಿಂಗ್ ಬದಲಾಯಿಸಿ ಕಾದು ನೋಡೋಣ ಎಂದರು. ವಾಸಿಯಾಯಿತು. ಇದೇ ಕೆಂಪನ್ನು ಅವಳು ಲೀಡ್ಸ್‌ಗೆ ಹೊತ್ತುಕೊಂಡು ಹೋಗಿದ್ದರೆ, ಯಾರು ಕೊಯ್ದರೋ ಏನು ಹಾಕಿದರೋ ಗೊತ್ತಿಲ್ಲದ ಅಲ್ಲಿನ ವೈದ್ಯರ ಮುಂದೆ ಮೊದಲಿನಿಂದ ಕಥೆ ಹೇಳಬೇಕಿತ್ತು. ಅವರು ನೋಡುತ್ತಿದ್ದರು, ಖಂಡಿತ. ನೋಡುವಾಗಿನ ಮುಖಭಾವವನ್ನು ನಾನು ಊಹಿಸಬಲ್ಲೆ.

ಆಸ್ಪತ್ರೆಯಿಂದ ಹೊರಡುವಾಗ ನಾನು ಪಟ್ಟು ಹಿಡಿದು ತೆಗೆದುಕೊಂಡದ್ದು ಒಂದು ಚೀಟಿ: ಕೃತಕ ಮಂಡಿಯ ಪೆಟ್ಟಿಗೆಗೆ ಅಂಟಿಸಿರುವ, ಕಂಪನಿ, ಮಾದರಿ, ಸರಣಿ ಸಂಖ್ಯೆ ಇರುವ ಸ್ಟಿಕರ್. ಕಾರಣವಿದೆ. ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಕೃತಕ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಿದ್ದರು. ವರ್ಷಗಳ ನಂತರ ಸರ್ಕಾರ ಹುಡುಕಲು ಹೊರಟಾಗ ಬಹಳಷ್ಟು ಜನರ ಪತ್ತೆಯೇ ಆಗಲಿಲ್ಲ. ತನ್ನ ಸೊಂಟದಲ್ಲಿ ಏನಿದೆ ಎಂಬುದು ರೋಗಿಗೇ ಗೊತ್ತಿರಲಿಲ್ಲ. ದೇಶದೊಳಗೇ ಹೀಗಾದರೆ ಸಮುದ್ರದಾಚೆಯವರನ್ನು ಹುಡುಕುವವರು ಯಾರು? ಅಕ್ಕ ಲೀಡ್ಸ್ ತಲುಪಿದ ಮೇಲೆ ಅಲ್ಲಿನ ವೈದ್ಯರು ಮೊದಲು ಕೇಳಿದ್ದು ಅದೇ ಚೀಟಿಯನ್ನು.

ಕೋರ್ಟಿನ ಮಾತು ಯಾರಿಗೂ ಇಷ್ಟವಿಲ್ಲ, ಆದರೂ ಹೇಳಬೇಕು. ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2019ರ ಹೊಸ ಗ್ರಾಹಕ ಕಾಯ್ದೆಯಂತೆ ದೂರು ಕೊಡುವವನು ತಾನು ವಾಸಿಸುವ ಊರಿನಲ್ಲೇ ಕೊಡಬಹುದು. ಅಂದರೆ ನಮ್ಮ ಹುಡುಗ ಚೆನ್ನೈಯಲ್ಲಿ ಮಾಡಿಸಿಕೊಂಡು ತಲೆ ಕೆಡಿಸಿಕೊಂಡರೂ ಪುಣೆಯಲ್ಲಿ ಕೇಳಬಹುದು. ಇಸ್ತಾಂಬುಲ್‌ನವರನ್ನು ಎಲ್ಲಿ ಕೇಳುವುದು? ಟರ್ಕಿಷ್ ಭಾಷೆಯ ವಕೀಲನ ಫೀಸು ಕೂದಲಿನ ಬೆಲೆಗಿಂತ ಹೆಚ್ಚಾದೀತು. ಇಲ್ಲಿಗೆ ಬರುವವರಿಗೂ ನ್ಯಾಯ ಸುಲಭವಲ್ಲ. 1998ರಲ್ಲಿ ಅಮೆರಿಕದಿಂದ ಕೋಲ್ಕತ್ತಾಗೆ ಬಂದಿದ್ದಾಗ ಕಾಯಿಲೆ ಬಿದ್ದು ತೀರಿಕೊಂಡ ಅನುರಾಧಾ ಸಾಹಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸುಮಾರು ಆರು ಕೋಟಿ ರೂಪಾಯಿಯ ಪರಿಹಾರ ಕೊಟ್ಟದ್ದು 2013ರಲ್ಲಿ. ಹದಿನೈದು ವರ್ಷ ಹೋರಾಡಿದ ಪತಿ ಸ್ವತಃ ವೈದ್ಯರು. ಎಲ್ಲರಿಗೂ ಅಂಥ ಹಟ ಇರುವುದಿಲ್ಲ. ಪ್ರವಾಸದ ವಿಮೆಯನ್ನು ನಂಬಿ ಹೊರಡುವವರೂ ಇದ್ದಾರೆ. ಮೊದಲೇ ಗೊತ್ತು ಮಾಡಿಕೊಂಡು ಹೋದ ಚಿಕಿತ್ಸೆಗೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ, ಷರತ್ತನ್ನು ಓದಿಕೊಳ್ಳಿ.

ನಂಬಿಕೆ ಮುರಿದಾಗ ಏನಾಗುತ್ತದೆ ಎಂಬುದನ್ನು ಮುಂಬೈ 2017ರಲ್ಲಿ ನೋಡಿತು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ಇಮಾನ್ ಅಹ್ಮದ್ ಎಂಬ, ಐನೂರು ಕಿಲೋ ತೂಗುತ್ತಿದ್ದರೆಂದು ಹೇಳಲಾದ ಹೆಣ್ಣುಮಗಳನ್ನು ಸರಕು ವಿಮಾನದಲ್ಲಿ ಕರೆತಂದರು. ಚರ್ನಿ ರೋಡಿನ ಸೈಫಿ ಆಸ್ಪತ್ರೆಗೆ ಹಾಸಿಗೆ ಸಮೇತ ಕ್ರೇನ್‌ನಲ್ಲಿ ಎತ್ತಿ ಸೇರಿಸಿದರು. ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆ, ತೂಕ ಇಳಿದ ಸುದ್ದಿ, ಸಂಭ್ರಮ. ಏಪ್ರಿಲ್‌ನಲ್ಲಿ ತಂಗಿ ಕ್ಯಾಮೆರಾ ಮುಂದೆ ಬಂದು ಅಕ್ಕ ಸುಧಾರಿಸಿಲ್ಲ ಎಂದರು, ವೈದ್ಯರು ಅಲ್ಲಗಳೆದರು. ಮೇ ತಿಂಗಳಲ್ಲಿ ಅಬುಧಾಬಿಗೆ ಸಾಗಿಸಿದರು, ಸೆಪ್ಟೆಂಬರ್‌ನಲ್ಲಿ ಇಮಾನ್ ಅಲ್ಲೇ ತೀರಿಕೊಂಡರು. ಅವರದು ಸೌಂದರ್ಯದ ಚಿಕಿತ್ಸೆಯಾಗಿರಲಿಲ್ಲ, ಬದುಕಿನ ಪ್ರಶ್ನೆಯಾಗಿತ್ತು. ಯಾರು ಸರಿ ಎಂದು ಹೇಳಲು ನಾನು ಯಾರು? ಭಾಷೆ ಬಾರದ ಊರಿನಲ್ಲಿ ಆಸ್ಪತ್ರೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಒಬ್ಬಳೇ ಕೂತ ತಂಗಿಯನ್ನು ನೆನೆಯುತ್ತೇನೆ. ನಾನೂ ಒಬ್ಬ ತಂಗಿ. ಭಾರತದ ವೈದ್ಯಕೀಯ ವೀಸಾ ರೋಗಿಯ ಜೊತೆ ಇಬ್ಬರಿಗೆ ಬರಲು ಅವಕಾಶ ಕೊಡುತ್ತದೆ. ಆ ಇಬ್ಬರನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಪುಣೆಯ ದೊಡ್ಡ ಆಸ್ಪತ್ರೆಗಳ ಹೊರಗೆ ಓಮನ್, ಯೆಮನ್, ಆಫ್ರಿಕಾದ ದೇಶಗಳಿಂದ ಬಂದವರು ಬಾಡಿಗೆ ಕೋಣೆ ಹುಡುಕುವುದನ್ನು ನೋಡುತ್ತಿರುತ್ತೇನೆ. ರಿಕ್ಷಾದವರು ಅವರಿಂದ ಎಷ್ಟು ಕೇಳುತ್ತಾರೆ ಎಂಬುದು ಬೇರೆ ಲೇಖನಕ್ಕಾಗುವಷ್ಟಿದೆ.

ನಮ್ಮ ಹುಡುಗ ನನ್ನ ಮಾತು ಕೇಳಲಿಲ್ಲ. 2025ರ ಆರಂಭದಲ್ಲಿ ಹೋದ, ಟೋಪಿ ಹಾಕಿಕೊಂಡು ಬಂದ. ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನದ ಸಂಘರ್ಷದಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತಿತೆಂದು ಪುಣೆಯ ವ್ಯಾಪಾರಿಗಳು ಟರ್ಕಿಯ ಸೇಬನ್ನು ಬಹಿಷ್ಕರಿಸಿದರು. ಆ ಹೊತ್ತಿಗೆ ನಮ್ಮ ಹುಡುಗನ ಹಣೆಯ ಮೇಲೆ ಟರ್ಕಿಯ ಬೆಳೆ ಚಿಗುರುತ್ತಿತ್ತು. ಮನೆಯಲ್ಲಿ ಅವನನ್ನು ಬಹಿಷ್ಕರಿಸಬೇಕೇ ಎಂದು ಒಂದು ವಾರ ತಮಾಷೆ ನಡೆಯಿತು. ಅವನು ಮಾತ್ರ ನಗಲಿಲ್ಲ. ಎಡಗಡೆ ಸ್ವಲ್ಪ ತೆಳ್ಳಗೆ ಬಂದಿತ್ತು, ಮತ್ತೊಮ್ಮೆ ಹೋಗಿ ತುಂಬಿಸಿಕೊಳ್ಳಬೇಕೆಂದಿದ್ದ. ಅಂಥ ದಿನಗಳಲ್ಲಿ ಆ ಕಡೆ ಟಿಕೆಟ್ ತೆಗೆಯುವ ಧೈರ್ಯ ಅವನಿಗೆ ಬರಲಿಲ್ಲ. ಕ್ಲಿನಿಕ್ಕಿಗೆ ಫೋಟೋ ಕಳಿಸಿದರೆ ಎತ್ತಿದ ಹೆಬ್ಬೆರಳಿನ ಚಿತ್ರ ಬರುತ್ತಿತ್ತು. ವರ್ಷ ತುಂಬುವಾಗ ಒಟ್ಟಾರೆ ಚೆನ್ನಾಗಿಯೇ ಬಂದಿದೆ, ಅದನ್ನು ಒಪ್ಪುತ್ತೇನೆ. "ನೋಡಿದಿರಾ ಕಾಕು?" ಎನ್ನುತ್ತಾನೆ. ನೋಡಿದೆ. ಚೆನ್ನಾಗಿದೆ. ಬೇಡ ಎಂದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ಎಡಗಡೆಯದನ್ನು ಈಗ ಕೋಥರೂಡಿನ ಚರ್ಮವೈದ್ಯರೊಬ್ಬರು ನೋಡುತ್ತಿದ್ದಾರೆ, ಅದೇ ಲಿಫ್ಟಿನಲ್ಲಿ ಹತ್ತಿ ಇಳಿದು ಹೋಗಿಬರುತ್ತಾನೆ.

ಅಕ್ಕ ಈಗ ಇನ್ನೊಂದು ಮಂಡಿಯ ಮಾತೆತ್ತಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಬರಲೇ ಎಂದಳು. ಗಣಪತಿಯ ಹಬ್ಬಕ್ಕೆ ತಿಂಗಳುಗಟ್ಟಲೆ ಮೊದಲೇ ನದಿಯ ದಂಡೆಯಲ್ಲಿ ಢೋಲ್ ತಾಶಾದ ತಾಲೀಮು ಶುರುವಾಗುತ್ತದೆ, ಹಬ್ಬದ ದಿನಗಳಲ್ಲಿ ಪುಣೆಯ ನಡುವಿನ ಡೆಕ್ಕನ್ ಭಾಗ ದಾಟಲು ಆಂಬುಲೆನ್ಸಿಗೂ ಪ್ರಯಾಸ. ಬೇಡ ಎಂದೆ. ದೀಪಾವಳಿಗೆ ಆಯಾಗಳು ಊರಿಗೆ ಹೋಗುತ್ತಾರೆ. ಡಿಸೆಂಬರ್‌ನಲ್ಲಿ ಅನಿವಾಸಿಗಳೆಲ್ಲ ಒಟ್ಟಿಗೆ ಬರುವುದರಿಂದ ಟಿಕೆಟ್ ದರ ಏರುತ್ತದೆ, ಸರ್ಜನ್ನರೂ ರಜೆ ಹಾಕುತ್ತಾರೆ. ಫೆಬ್ರವರಿಯ ಮೊದಲ ವಾರ ಬಂದು, ಬಿಸಿಲು ಏರುವ ಮೊದಲು ನಡೆಯಲು ಕಲಿತು, ಏಪ್ರಿಲ್‌ನಲ್ಲಿ ಹೋಗು ಎಂದು ಹೇಳಿದ್ದೇನೆ. ಸೊಲ್ಲಾಪುರದ ಹುಡುಗಿಯನ್ನು ಈಗಲೇ ಗೊತ್ತು ಮಾಡಿಟ್ಟಿದ್ದೇನೆ, ಈ ಸಲ ದರ ಸ್ವಲ್ಪ ಹೆಚ್ಚು ಎಂದಿದ್ದಾಳೆ, ಬೈಗುಳ ಸೇರಿಸಿ.